ತಮಟೆ, ಉರುಮೆ ಕಲಾವಿದರು ಸಂಘ ಕಟ್ಟುವಾಗ

ಏಳು ಜನ ಸಿಕ್ಕಿದ ಕೂಡಲೇ ನೋಂದಣಿಗೆ ಓಡಬೇಡಿ. ಮೊದಲು ಆರು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಊರು, ಎಷ್ಟು ಜನ ಹೋದರು, ಎಷ್ಟು ಕೊಡ್ತೀವಿ ಅಂದರು, ಕೈಗೆ ಎಷ್ಟು ಬಂತು. ಸಂಘ ಒಡೆಯುವುದು ಹೆಚ್ಚಾಗಿ ದುಡ್ಡಿನ ಲೆಕ್ಕದಲ್ಲೇ. ಕಾರ್ಯಕ್ರಮಕ್ಕೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೊಡುವ ಹಣ ಮುಖ್ಯ ಕಲಾವಿದರ ಸ್ವಂತ ಖಾತೆಗೆ ಬೀಳುತ್ತದೆ, ಉಳಿದವರಿಗೆ ಅನುಮಾನ ಹುಟ್ಟುತ್ತದೆ, ಮುಂದಿನ ಜಾತ್ರೆಗೆ ಎರಡು ತಂಡ!

ಹಂಚಿಕೆಯನ್ನು ಮೊದಲೇ ಗೊತ್ತುಮಾಡಿ. ಉದಾಹರಣೆಗೆ ಒಂಬತ್ತು ಜನರ ತಂಡಕ್ಕೆ 16,000 ರೂಪಾಯಿ ಬಂತು ಅನ್ನಿ. ಟೆಂಪೊ, ಊಟಕ್ಕೆ 3,000 ತೆಗೆಯಿರಿ. ಉಳಿದ 13,000ದಲ್ಲಿ ನೂರಕ್ಕೆ ಹತ್ತರಂತೆ 1,300 ಸಂಘದ ನಿಧಿಗೆ. ಮಿಕ್ಕ 11,700ನ್ನು ಒಂಬತ್ತು ಜನಕ್ಕೆ ಹಂಚಿದರೆ ತಲೆಗೆ 1,300 ಸಿಗುತ್ತದೆ. ಸೋಬಾನೆ ಹಾಡುವ ಹೆಣ್ಣುಮಕ್ಕಳಿಗೂ ಅಷ್ಟೇ, ಒಂದು ರೂಪಾಯಿ ಕಡಿಮೆಯಿಲ್ಲ. ಸರ್ಕಾರಿ ಸಂಭಾವನೆ ತಿಂಗಳುಗಟ್ಟಲೆ ತಡವಾದಾಗ ಕೈ ಹಿಡಿಯುವುದು ಈ ನಿಧಿಯೇ. ಅದರಿಂದ ಕೊಡುವುದು ಮುಂಗಡ, ದಾನವಲ್ಲ. ವಾಪಸ್ ಬರುವ ತಾರೀಕು ಬರೆಸಿಕೊಳ್ಳಿ.

ಲೆಕ್ಕ ಹದಕ್ಕೆ ಬಂದ ಮೇಲೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಗೆ ಅರ್ಜಿ ಹಾಕಿ. ಕನಿಷ್ಠ ಏಳು ಸದಸ್ಯರು, ಉದ್ದೇಶಪತ್ರ, ಬೈಲಾ (ಸಂಘದ ನಿಯಮಗಳ ಪತ್ರ), ಕಚೇರಿ ವಿಳಾಸ ಬೇಕು. ದಾವಣಗೆರೆ 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಯಿತು. ಹಾಗಾಗಿ ದಾವಣಗೆರೆ ಜಿಲ್ಲೆಯ ಜಗಳೂರು, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯವರು ಕೂಡಿ ಕಟ್ಟುವುದಾದರೆ ಕಚೇರಿ ಯಾವ ಜಿಲ್ಲೆಯಲ್ಲಿ ಅನ್ನುವುದನ್ನು ಮೊದಲ ಸಭೆಯಲ್ಲೇ ತೀರ್ಮಾನಿಸಿ. ಬೈಲಾವನ್ನು ಜೆರಾಕ್ಸ್ ಅಂಗಡಿಯ ಹಳೇ ಪ್ರತಿಯಿಂದ ಇಳಿಸಬೇಡಿ. ಅಧ್ಯಕ್ಷರ ಅವಧಿ, ಲೆಕ್ಕ ತೋರಿಸುವ ದಿನ ಅದರಲ್ಲಿರಲಿ. ಬ್ಯಾಂಕಿನಲ್ಲಿ ಇಬ್ಬರ ಸಹಿ ಕಡ್ಡಾಯ, ಆ ಇಬ್ಬರು ಒಂದೇ ಮನೆಯವರಾಗಿರಬಾರದು. ವಾರ್ಷಿಕ ಸಭೆ ಆದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ ಸಲ್ಲಿಸಬೇಕು. ಇದನ್ನು ಮರೆಯುವವರೇ ಹೆಚ್ಚು.

ಕಷ್ಟದ ಮಾತು ಬಿಟ್ಟಿ ಚಾಕರಿಯದು. ಸಾವಿಗೆ, ಜಾತ್ರೆಗೆ 'ಬಂದು ಬಡಿ' ಎಂದು ಕರೆಸಿ ಒಂದಿಷ್ಟು ಕಾಳು ಕೊಟ್ಟು ಕಳಿಸುವ ರೂಢಿ ಇರುವಲ್ಲಿ, ಒಂದೇ ಮನೆಯವರು ಒಲ್ಲೆ ಅಂದರೆ ಬಹಿಷ್ಕಾರದ ಭಯ. ಹಾಗಾಗಿ ಸಂಘವೇ ದರ ಗೊತ್ತುಮಾಡಿ, ಪತ್ರ ಬರೆದು, ಎಲ್ಲರ ಸಹಿ ಹಾಕಿಸಿ, ಜಾತ್ರೆಗೆ ತಿಂಗಳು ಮೊದಲೇ ಊರ ಮುಖಂಡರಿಗೂ ಪಂಚಾಯ್ತಿಗೂ ಕೊಡಲಿ. ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಿಟ್ಟಿ ದುಡಿಮೆಯನ್ನು ಸಂವಿಧಾನದ 23ನೇ ವಿಧಿ ನಿಷೇಧಿಸಿದೆ, ಆ ಸಾಲು ಪತ್ರದಲ್ಲಿರಲಿ. ಬೈಗುಳ ಬಂದರೆ ಅಲ್ಲೇ ಜಗಳಕ್ಕೆ ನಿಲ್ಲಬೇಡಿ. ದಿನ, ಹೊತ್ತು, ಕೇಳಿಸಿಕೊಂಡವರ ಹೆಸರು ಬರೆದಿಟ್ಟು ಸಂಘದ ಹೆಸರಲ್ಲೇ ದೂರು ಕೊಡಿ.

ಮಳೆಗಾಲದಲ್ಲಿ ತಮಟೆಯ ಚರ್ಮ ಸಡಿಲವಾಗುತ್ತದೆ, ಕಾಯಿಸಿದರೂ ನಾದ ನಿಲ್ಲದು. ಹೊಸ ಚರ್ಮ ಬಿಗಿಸುವ ಖರ್ಚನ್ನು ಸಂಘದ ನಿಧಿಯಲ್ಲಿ ಬೇರೆಯೇ ತೆಗೆದಿಡಿ.