ಬಿರುಗಾಳಿಯಲ್ಲಿ ವಿಮಾನ ಹತೋಟಿ ತಪ್ಪಿದ್ದೇಕೆ? ಕಾರಣ ಹುಡುಕುವುದು ಹೀಗೆ

ಎಲ್ಲರೂ ಮೊದಲು ಸಿಡಿಲನ್ನೇ ದೂರುತ್ತಾರೆ, ಅಲ್ವಾ? ಅದನ್ನು ಸದ್ಯಕ್ಕೆ ಬದಿಗಿಡಿ. ಸಿಮ್ಯುಲೇಟರ್ ತರಬೇತಿಯಲ್ಲಿ ನಾನು ಮೊದಲು ಕೇಳುವುದು, ವೇಗದ ಮಾಪಕ ಸರಿ ತೋರಿಸುತ್ತಿತ್ತಾ ಅಂತ. 35,000 ಅಡಿ ಎತ್ತರದ ಮೋಡದಲ್ಲಿ ಸಣ್ಣ ಹಿಮದ ಹರಳುಗಳಿರುತ್ತವೆ. ರೇಡಾರ್‌ಗೆ ಅವು ಸರಿಯಾಗಿ ಕಾಣುವುದಿಲ್ಲ, ವೇಗ ಅಳೆಯಲು ವಿಮಾನದ ಹೊರಗೆ ಇಟ್ಟಿರುವ ಪಿಟೋ ಕೊಳವೆಯನ್ನು ಮಾತ್ರ ಮುಚ್ಚಿಬಿಡುತ್ತವೆ. ವೇಗದ ಲೆಕ್ಕ ತಪ್ಪಿ ಆಟೋಪೈಲಟ್ ಕೈಬಿಡುತ್ತದೆ. 2009ರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447 ವಿಮಾನಕ್ಕೆ ಆಗಿದ್ದು ಇದೇ.

ಆಮೇಲೆ ಪೈಲಟ್ ಏನು ಮಾಡಿದರು ನೋಡಿ. 447ರಲ್ಲಿ ವಿಮಾನದ ಮೂಗು ಮೇಲೆತ್ತಿದರು. ವಿಮಾನ ಸುಮಾರು 38,000 ಅಡಿಗೇರಿ ಸ್ಟಾಲ್ ಆಯಿತು, ಅಂದ್ರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರದೆ ಹೋದವು. ಮಾಪಕ ಸುಮಾರು ಒಂದು ನಿಮಿಷದಲ್ಲಿ ಸರಿಹೋಗಿತ್ತು! ನನಗೆ ಜಾಸ್ತಿ ಕಾಡುವುದು ಇದೇ.

ಗಾಳಿಯ ಹೊಡೆತ, ಎಂಜಿನ್ ಆರಿದ್ದು, ಇವನ್ನೂ ನೋಡಿ. ಆದರೆ ಹಾರಾಟದ ವಿವರ ದಾಖಲಿಸುವ ರೆಕಾರ್ಡರ್ (ಬ್ಲ್ಯಾಕ್ ಬಾಕ್ಸ್) ಇಲ್ಲದೆ ತೀರ್ಪು ಬೇಡ. 447ರ ರೆಕಾರ್ಡರ್‌ಗಳು ಸಮುದ್ರದಡಿ ಸಿಕ್ಕಿದ್ದು 2011ರಲ್ಲಿ.