ಹಣ್ಣಿನ ಯೋಗರ್ಟ್ ಕೊಳ್ಳುವ ಮುಂಚೆ ಡಬ್ಬದ ಹಿಂಭಾಗ ಓದಿ

ಮಕ್ಕಳಿಗೆ ಒಳ್ಳೆಯದು ಅಂತ ಹಣ್ಣಿನ ರುಚಿಯ ಯೋಗರ್ಟ್ ಕೊಡುವವರು ನಮ್ಮಲ್ಲಿ ತುಂಬಾ ಜನ ಇದ್ದೀರಿ. ದಯವಿಟ್ಟು ಡಬ್ಬದ ಮೇಲಿನ ಚಿತ್ರ ನೋಡಿ ಸುಮ್ನೆ ನಂಬಬೇಡಿ. ತಿರುಗಿಸಿ, 100 ಗ್ರಾಂಗೆ ಎಷ್ಟು ಸಕ್ಕರೆ ಅಂತ ಮೊದಲು ನೋಡಿ.

ಏನೂ ಬೆರೆಸದ ಯೋಗರ್ಟ್‌ನಲ್ಲೂ 100 ಗ್ರಾಂಗೆ ಸುಮಾರು 4ರಿಂದ 5 ಗ್ರಾಂ ಸಕ್ಕರೆ ಇರುತ್ತದೆ. ಅದು ಹಾಲಿನದೇ ಲ್ಯಾಕ್ಟೋಸ್. ಅದರ ಚಿಂತೆ ಬೇಡ. ಹಣ್ಣಿನ ಯೋಗರ್ಟ್‌ನಲ್ಲಿ ಇದನ್ನು ಬಿಟ್ಟು ಉಳಿದ ಸಕ್ಕರೆಯಲ್ಲಿ ಸ್ವಲ್ಪ ಹಣ್ಣಿನದು, ಬಹುಪಾಲು ಆಮೇಲೆ ಸುರಿದದ್ದು. ಡಬ್ಬದಲ್ಲಿ 13 ಗ್ರಾಂ ಅಂತಿದ್ದರೆ ಲ್ಯಾಕ್ಟೋಸ್ ಬಿಟ್ಟು ಸುಮಾರು 8 ಗ್ರಾಂ, ಅಂದರೆ ಎರಡು ಟೀ ಚಮಚ. 150 ಗ್ರಾಂ ಡಬ್ಬ ಪೂರ್ತಿ ತಿಂದರೆ ಮೂರು ಚಮಚ! ಪುಟ್ಟ ಮಗುವಿಗೆ ಇದು ಜಾಸ್ತಿ ಅಲ್ವಾ?

ಪದಾರ್ಥಗಳ ಪಟ್ಟಿಯನ್ನೂ ಓದಿ. ತೂಕದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ. ಹಾಲಿನ ಬೆನ್ನಿಗೇ ಸಕ್ಕರೆ ಇದ್ದು, ಹಣ್ಣು ಅದರ ಹಿಂದಿದ್ದರೆ ನಾನಂತೂ ಅದನ್ನು ಸಿಹಿತಿಂಡಿ ಅಂತಲೇ ಎಣಿಸುತ್ತೇನೆ. ಗ್ಲೂಕೋಸ್ ಸಿರಪ್, ಜೇನು, ಹಣ್ಣಿನ ರಸದ ಕಾನ್ಸಂಟ್ರೇಟ್ ಎಲ್ಲವೂ ಸಕ್ಕರೆಯ ಲೆಕ್ಕಕ್ಕೇ ಬರುತ್ತವೆ. ‘ಲೋ ಫ್ಯಾಟ್’ ಅಂತ ಬರೆದಿದ್ದರೂ ಸಕ್ಕರೆ ನೋಡಲೇಬೇಕು. ಕೊಬ್ಬು ತೆಗೆದು ರುಚಿ ಸಪ್ಪೆಯಾದಾಗ ಸಿಹಿ ಹೆಚ್ಚಿಸುವುದುಂಟು.

ಪ್ರೋಟೀನ್, ಕ್ಯಾಲ್ಸಿಯಂ ಇದರಲ್ಲೂ ಸಿಗುತ್ತವೆ, ನಿಜ. ಆದರೆ ಹೆಪ್ಪಾದ ಮೇಲೆ ಬಿಸಿ ಮಾಡಿದ್ದರೆ ಒಳ್ಳೆಯ ಬ್ಯಾಕ್ಟೀರಿಯಾ ಉಳಿದಿರುವುದಿಲ್ಲ.

ಸಪ್ಪೆ ಯೋಗರ್ಟ್‌ಗೆ ಹಣ್ಣು ಹೆಚ್ಚಿ ಹಾಕುವುದೇ ಉತ್ತಮ. ಮಕ್ಕಳು ಒಪ್ಪದಿದ್ದರೆ ಮೊದಲು ಸಪ್ಪೆಯದನ್ನೂ ಸಿಹಿಯದನ್ನೂ ಅರ್ಧರ್ಧ ಬೆರೆಸಿ, ನಿಧಾನವಾಗಿ ಸಿಹಿಯದನ್ನು ಕಡಿಮೆ ಮಾಡುತ್ತಾ ಬನ್ನಿ.