ಟೋಲ್‌ನಲ್ಲಿ ಗೇಟ್ ಏಳದಿದ್ದರೆ? ಫಾಸ್ಟ್ಯಾಗ್ ಅಂಟಿಸುವುದರಿಂದ ದೂರು ಕೊಡುವವರೆಗೆ

ಬೆಂಗಳೂರಿನಿಂದ ಮೈಸೂರಿಗೆ ಹೊರಟರೆ ಬಿಡದಿ ಹತ್ತಿರ ಒಂದು ಟೋಲ್, ಶ್ರೀರಂಗಪಟ್ಟಣದ ಬಳಿ ಗಣಂಗೂರಿನಲ್ಲಿ ಇನ್ನೊಂದು. ಕಾರು ನಿಧಾನ ಮಾಡುತ್ತೀರಿ, ಗೇಟ್ ಏಳುತ್ತದೆ, ಮೊಬೈಲಿಗೆ ಮೆಸೇಜ್ ಬರುತ್ತದೆ. ಗೇಟ್ ಏಳದಿದ್ದರೆ ಮಾತ್ರ ಹಿಂದಿನವರ ಹಾರನ್ ಶುರು. ಆಗ ಎಲ್ಲರೂ ಬೈಯುವುದು ಗಾಜಿನ ಮೇಲಿನ ಸ್ಟಿಕ್ಕರನ್ನು. ಪಾಪ, ಎಷ್ಟೋ ಸಲ ತಪ್ಪು ಅದರದ್ದಲ್ಲ. ಅಂಟಿಸಿದ್ದರಲ್ಲಿ ತಪ್ಪಿರಬಹುದು, ಬ್ಯಾಂಕಿನಲ್ಲಿರಬಹುದು, ಟೋಲ್‌ನವರ ಯಂತ್ರದಲ್ಲೂ ಇರಬಹುದು. ಯಾರದ್ದು ಎಂದು ಗೊತ್ತಿದ್ದರೆ ದುಡ್ಡು ಉಳಿಯುತ್ತದೆ.

ಒಳಗೆ ಏನಿದೆ

ಸ್ಟಿಕ್ಕರಿನೊಳಗೆ ಇರುವುದು ಎರಡೇ ವಸ್ತು. ಸಾಸಿವೆಗಿಂತ ಸಣ್ಣ ಚಿಪ್, ಅದಕ್ಕೆ ಸೇರಿದ ತೆಳು ಲೋಹದ ಆಂಟೆನಾ. ಬ್ಯಾಟರಿ ಇಲ್ಲ. ಟೋಲ್ ಲೇನಿನಲ್ಲಿ ಅಳವಡಿಸಿದ ರೀಡರ್ 865ರಿಂದ 867 ಮೆಗಾಹರ್ಟ್ಸ್‌ನ ರೇಡಿಯೊ ಅಲೆಗಳನ್ನು ಬಿಡುತ್ತಲೇ ಇರುತ್ತದೆ. ಆ ಅಲೆ ಆಂಟೆನಾಗೆ ತಾಗಿದಾಗ ಒಂದಿಷ್ಟು ವಿದ್ಯುತ್ ಹುಟ್ಟುತ್ತದೆ. ಚಿಪ್ಪಿಗೆ ಅಷ್ಟು ಸಾಕು. ಎದ್ದು ತನ್ನ ನಂಬರ್ ಹೇಳುತ್ತದೆ.

ಹೇಗೆ ಹೇಳುತ್ತದೆ? ತಾನೇ ಅಲೆ ಕಳಿಸುವಷ್ಟು ಶಕ್ತಿ ಅದಕ್ಕಿಲ್ಲ. ಬಿಸಿಲಿಗೆ ಕನ್ನಡಿ ಹಿಡಿದು ಮಕ್ಕಳು ಗೋಡೆಯ ಮೇಲೆ ಬೆಳಕು ಆಡಿಸುತ್ತಾರಲ್ಲ, ಹಾಗೆಯೇ. ಬಂದ ಅಲೆಯನ್ನೇ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ವಾಪಸ್ ಕಳಿಸುತ್ತದೆ. ಆ ಏರಿಳಿತವೇ ಸೊನ್ನೆ ಮತ್ತು ಒಂದು. ಇದನ್ನೇ ಆರ್‌ಎಫ್‌ಐಡಿ ಎನ್ನುವುದು. ಬ್ಯಾಟರಿ ಇಲ್ಲದೆ ಹೊರಗಿನ ಅಲೆಯಿಂದ ಕೆಲಸ ಮಾಡುವ ಈ ಉಪಾಯ ಹಳೆಯದು. 1945ರಲ್ಲಿ ಸೋವಿಯತ್ ಮಕ್ಕಳು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿಗೆ ಮರದಲ್ಲಿ ಕೆತ್ತಿದ ಲಾಂಛನವೊಂದನ್ನು ಉಡುಗೊರೆ ಕೊಟ್ಟರು. ಅದರೊಳಗೆ ಲಿಯಾನ್ ಥೆರೆಮಿನ್ ಎಂಬ ಸೋವಿಯತ್ ಸಂಶೋಧಕ ಮಾಡಿದ ಕದ್ದಾಲಿಕೆ ಸಾಧನವಿತ್ತು. ಹೊರಗಿನಿಂದ ರೇಡಿಯೊ ಅಲೆ ಬಿಟ್ಟಾಗ ಮಾತ್ರ ಅದಕ್ಕೆ ಜೀವ ಬರುತ್ತಿತ್ತು. 1952ರವರೆಗೂ ಅಮೆರಿಕದವರಿಗೆ ಅದು ಸಿಗಲಿಲ್ಲ!

ಮುಖ್ಯವಾದ ಮಾತು: ಸ್ಟಿಕ್ಕರಿನಲ್ಲಿ ದುಡ್ಡಿಲ್ಲ. ದುಡ್ಡು ಇರುವುದು ನಿಮಗೆ ಟ್ಯಾಗ್ ಕೊಟ್ಟ ಬ್ಯಾಂಕಿನಲ್ಲಿ. ಟೋಲ್‌ನಲ್ಲಿ ಓದಿದ ನಂಬರ್ ಅಲ್ಲಿನ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿಂದ ಎನ್‌ಪಿಸಿಐ ವ್ಯವಸ್ಥೆಗೆ, ಅಲ್ಲಿಂದ ನಿಮ್ಮ ಬ್ಯಾಂಕಿಗೆ. ಎನ್‌ಪಿಸಿಐ ಅಂದರೆ ಯುಪಿಐ ನಡೆಸುವ ಅದೇ ಸಂಸ್ಥೆ.

ಅಂಟಿಸುವಾಗ

ಅರ್ಧ ತೊಂದರೆ ಇಲ್ಲೇ. ಮುಂದಿನ ಗಾಜಿನ ಒಳಬದಿ, ನಡುವೆ, ಮೇಲ್ಭಾಗದಲ್ಲಿ, ಹಿಂದೆ ನೋಡುವ ಕನ್ನಡಿಯ ಆಚೆ ಟ್ಯಾಗ್ ಇರಬೇಕು. ಮೊದಲು ಗಾಜು ಒರೆಸಿ, ಪೂರ್ತಿ ಒಣಗಲಿ. ಟ್ಯಾಗ್ ಮಡಚಬೇಡಿ. ಹಿಂದಿನ ಕಾಗದ ಕಿತ್ತು ಒಂದೇ ಸಲಕ್ಕೆ ಒತ್ತಿ ಅಂಟಿಸಿ. ಸರಿಯಾಗಿ ಕೂರಲಿಲ್ಲ ಎಂದು ಕಿತ್ತರೆ ಆಂಟೆನಾ ಹರಿಯುತ್ತದೆ. ಬೇರೆ ಗಾಡಿಗೆ ಹಾಕಬಾರದು ಎಂದೇ ಹಾಗೆ ಮಾಡಿರುವುದು.

ರೇಡಿಯೊ ಅಲೆಗೆ ಲೋಹ ಕಂಡರೆ ಆಗದು. ಬಿಸಿಲು ತಡೆಯಲು ಕೆಲವು ಕಾರುಗಳ ಗಾಜಿಗೆ ತೆಳುವಾದ ಲೋಹದ ಲೇಪ ಇರುತ್ತದೆ. ಅಂಥ ಗಾಜಿನಲ್ಲಿ ಲೇಪವಿಲ್ಲದ ಒಂದು ಜಾಗ ಬಿಟ್ಟಿರುತ್ತಾರೆ. ಅದು ಎಲ್ಲಿದೆ ಎಂದು ಕಾರಿನ ಕೈಪಿಡಿಯಲ್ಲಿ ನೋಡಿ, ಅಲ್ಲೇ ಅಂಟಿಸಿ.

ಕೆಲವರು ಅಂಟಿಸುವುದೇ ಇಲ್ಲ, ಟೋಲ್ ಬಂದಾಗ ಕೈಯಲ್ಲಿ ಹಿಡಿದು ತೋರಿಸುತ್ತಾರೆ. ಹೀಗೆ ಸಡಿಲವಾಗಿ ಇಟ್ಟುಕೊಂಡ ಟ್ಯಾಗುಗಳನ್ನು ಕಪ್ಪುಪಟ್ಟಿಗೆ ಸೇರಿಸುವುದಾಗಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 2025ರ ಜುಲೈನಲ್ಲಿ ಹೇಳಿದೆ. ಈ ನಿಯಮ ಸರಿಯಾಗಿಯೇ ಇದೆ. ಒಬ್ಬರ ಕೈಯಾಟಕ್ಕೆ ಇಡೀ ಸಾಲು ಕಾಯಬೇಕಲ್ವಾ?

ಹೊರಡುವ ಹಿಂದಿನ ದಿನ

ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ. ಅದಕ್ಕಿಂತ ಮುಖ್ಯವಾಗಿ ಟ್ಯಾಗಿನ ಸ್ಥಿತಿ ನೋಡಿ. ಕೆವೈಸಿ ಬಾಕಿ ಇದ್ದರೆ ಸಾವಿರಾರು ರೂಪಾಯಿ ಇದ್ದರೂ ಟ್ಯಾಗ್ ನಿಂತುಹೋಗಬಹುದು. ಒಂದು ಗಾಡಿಗೆ ಒಂದೇ ಟ್ಯಾಗ್ ಎಂಬ ನಿಯಮವೂ ಇದೆ. ಹೊಸದು ತೆಗೆದುಕೊಂಡರೆ ಹಳೆಯದು ಸತ್ತಂತೆ. ಎರಡನ್ನೂ ಗಾಜಿಗೆ ಅಂಟಿಸಿಕೊಂಡು ಓಡಾಡಬೇಡಿ.

ಸಾಲಿನಲ್ಲಿ ನಿಂತು ರೀಚಾರ್ಜ್ ಮಾಡಬಹುದಾ? ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಟ್ಯಾಗಿನ ಸ್ಥಿತಿ ಆಗಿಂದಾಗಲೇ ಗೊತ್ತಾಗುತ್ತದೆ ಎಂದು ಪ್ರಾಧಿಕಾರ 2025ರ ಫೆಬ್ರುವರಿಯಲ್ಲಿ ಹೇಳಿತ್ತು. ಕೆಲವು ರಾಜ್ಯ ಹೆದ್ದಾರಿಗಳಲ್ಲಿ ಮಾತ್ರ ಹಳೆಯ ಪದ್ಧತಿ ಇತ್ತು. ಅಲ್ಲಿ ಟ್ಯಾಗುಗಳ ಸ್ಥಿತಿ ಹೇಳುವ, ಆಗಾಗ ಬರುವ ಪಟ್ಟಿಯೇ ಗತಿ, ನೀವು ಈಗಷ್ಟೇ ಹಾಕಿದ ದುಡ್ಡು ಅದರಲ್ಲಿ ಇರುವುದಿಲ್ಲ. ಸುಮ್ನೆ ರಿಸ್ಕ್ ಯಾಕೆ, ಮನೆಯಲ್ಲೇ ಮುಗಿಸಿಕೊಳ್ಳಿ.

ಗೇಟ್ ಏಳಲಿಲ್ಲ, ಈಗೇನು?

ಗಾಬರಿ ಬೇಡ. ಮುಂದಿನ ಗಾಡಿಗೆ ತೀರಾ ಅಂಟಿಕೊಂಡು ಬಂದಿದ್ದರೆ ರೀಡರ್ ಗೊಂದಲಕ್ಕೆ ಬಿದ್ದಿರುತ್ತದೆ. ಸಾಲಿನಲ್ಲಿ ಒಂದು ಗಾಡಿಯಷ್ಟು ಜಾಗ ಬಿಡುವುದು ಇದಕ್ಕೇ. ಸಿಬ್ಬಂದಿ ಬಳಿ ಕೈಯಲ್ಲಿ ಹಿಡಿಯುವ ರೀಡರ್ ಇದ್ದರೆ ಅದರಲ್ಲಿ ಓದಿಸಲು ಹೇಳಿ.

ಅದರಲ್ಲೂ ಆಗಲಿಲ್ಲ ಎಂದರೆ ಪರದೆಯ ಮೇಲೆ ಏನು ಬಂದಿದೆ ಎಂದು ಕೇಳಿ. 'ಬ್ಲ್ಯಾಕ್‌ಲಿಸ್ಟ್' ಅಥವಾ 'ಲೋ ಬ್ಯಾಲೆನ್ಸ್' ಎಂದಿದ್ದರೆ ತಪ್ಪು ನಿಮ್ಮ ಕಡೆಯದು. 2025ರ ನವೆಂಬರ್ 15ರಿಂದ ಜಾರಿಯಾದ ನಿಯಮದಂತೆ, ಸರಿಯಾದ ಟ್ಯಾಗ್ ಇಲ್ಲದವರು ನಗದು ಕೊಟ್ಟರೆ ಎರಡು ಪಟ್ಟು, ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು. ನೂರು ರೂಪಾಯಿ ಟೋಲ್ ಇದ್ದರೆ ಇನ್ನೂರು, ಇಲ್ಲವೇ ನೂರ ಇಪ್ಪತ್ತೈದು. ಯಾವುದು ಲಾಭ ಎಂದು ಹೇಳಬೇಕಿಲ್ಲ.

ಟ್ಯಾಗ್ ಚಾಲ್ತಿಯಲ್ಲಿದೆ, ದುಡ್ಡೂ ಇದೆ, ಆದರೂ ಟೋಲ್‌ನವರ ಯಂತ್ರವೇ ಕೆಟ್ಟಿದೆ ಅನ್ನಿ. ಆಗ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. 2018ರ ಮೇ ತಿಂಗಳ ಕೇಂದ್ರದ ಅಧಿಸೂಚನೆಯಲ್ಲೇ ಇದು ಇದೆ. ನಿಮ್ಮನ್ನು ಪುಕ್ಕಟೆ ಬಿಡಬೇಕು, ಸೊನ್ನೆ ರೂಪಾಯಿಯ ರಸೀದಿಯನ್ನೂ ಕೊಡಬೇಕು. ಈ ವಿಷಯ ಬಹಳ ಜನರಿಗೆ ಗೊತ್ತಿಲ್ಲ, ಗೇಟಿನಲ್ಲಿ ಯಾರೂ ಹೇಳುವುದೂ ಇಲ್ಲ. ಆ್ಯಪಿನಲ್ಲಿ ಬ್ಯಾಲೆನ್ಸ್ ತೋರಿಸಿ, ರಸೀದಿ ಕೇಳಿ. ಒಪ್ಪದಿದ್ದರೆ 1033ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ ಅದು.

ಕಾರು ಮನೆಯಲ್ಲೇ ನಿಂತಿದ್ದರೂ ಎಲ್ಲೋ ಟೋಲ್ ಕಟ್ ಆದ ಮೆಸೇಜ್ ಬಂದರೆ? ಟೋಲ್‌ನಲ್ಲಿ ಯಾರೋ ಕೈಯಿಂದ ಗಾಡಿ ನಂಬರ್ ಹಾಕುವಾಗ ಒಂದಂಕಿ ಆಚೀಚೆ ಮಾಡಿರುವ ಸಾಧ್ಯತೆ ಇದೆ. ಟ್ಯಾಗ್ ಕೊಟ್ಟ ಬ್ಯಾಂಕಿಗೆ ತಡಮಾಡದೆ ದೂರು ಕೊಡಿ, ದುಡ್ಡು ವಾಪಸ್ ಬರುವ ದಾರಿ ಅದೇ.

ವರ್ಷದ ಪಾಸ್

ಸ್ವಂತ ಬಳಕೆಯ ಕಾರು, ಜೀಪು, ವ್ಯಾನುಗಳಿಗೆ 2025ರ ಆಗಸ್ಟ್ 15ರಂದು ಈ ಪಾಸ್ ಶುರುವಾಯಿತು. ಆಗಿನ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅಲ್ಲಿಯವರೆಗೆ. ರಾಜಮಾರ್ಗಯಾತ್ರಾ ಆ್ಯಪಿನಲ್ಲಿ ಮಾಡಿಸಬಹುದು, ಹೊಸ ಸ್ಟಿಕ್ಕರ್ ಬೇಕಿಲ್ಲ. ಕೆಲಸಕ್ಕಾಗಿ ದಿನವೂ ಹೆದ್ದಾರಿ ಹಿಡಿಯುವವರಿಗೆ ಭಾರಿ ಲಾಭ. ವರ್ಷಕ್ಕೆರಡು ಸಲ ಊರಿಗೆ ಹೋಗುವವರು ಲೆಕ್ಕ ಹಾಕಿ ನೋಡಿ. ಪಾಸ್ ನಡೆಯುವುದು ರಾಷ್ಟ್ರೀಯ ಹೆದ್ದಾರಿ, ಎಕ್ಸ್‌ಪ್ರೆಸ್‌ವೇಗಳಲ್ಲಿ ಮಾತ್ರ. ಬೆಂಗಳೂರಿನ ನೈಸ್ ರಸ್ತೆಗೆ ಇದು ಲೆಕ್ಕವಿಲ್ಲ, ಅಲ್ಲಿ ಎಂದಿನಂತೆ ದುಡ್ಡು ಹೋಗುತ್ತದೆ.

ಗಡಿಯಾರ ತೋರಿಸಿ ದುಡ್ಡು ಕದಿಯಬಹುದಾ?

ಗಾಜು ಒರೆಸುವ ಹುಡುಗ ಸ್ಮಾರ್ಟ್‌ವಾಚಿನಿಂದ ಫಾಸ್ಟ್ಯಾಗ್ ಸ್ಕ್ಯಾನ್ ಮಾಡಿ ದುಡ್ಡು ಕದಿಯುವ ವಿಡಿಯೊ 2022ರಲ್ಲಿ ಊರೆಲ್ಲ ಸುತ್ತಿತು. ಅದು ಸುಳ್ಳು ಎಂದು ಎನ್‌ಪಿಸಿಐ ಆಗಲೇ ಹೇಳಿತ್ತು. ಫಾಸ್ಟ್ಯಾಗ್ ದುಡ್ಡು ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವುದೇ ಇಲ್ಲ, ನೋಂದಾಯಿತ ಟೋಲ್ ಅಥವಾ ಪಾರ್ಕಿಂಗಿನಂಥ ಕಡೆಗೆ ಮಾತ್ರ. ನಿಜವಾದ ಮೋಸ ನಡೆಯುವುದು ಫೋನಿನಲ್ಲಿ. 'ಕೆವೈಸಿ ಅವಧಿ ಮುಗಿದಿದೆ, ಈ ಲಿಂಕ್ ಒತ್ತಿ' ಎಂದು ಬರುತ್ತದಲ್ಲ, ಅದು.

ಫಾಸ್ಟ್ಯಾಗಿನ ಆರ್‌ಎಫ್‌ಐಡಿ ತಂತ್ರ ಬೇರೆ ಕಡೆಯೂ ಇದೆ. ನಮ್ಮ ಮೆಟ್ರೊ ಕಾರ್ಡ್ 13.56 ಮೆಗಾಹರ್ಟ್ಸ್‌ನದು, ಕೆಲವೇ ಸೆಂಟಿಮೀಟರ್ ಹತ್ತಿರ ಹಿಡಿದರಷ್ಟೇ ಓದುತ್ತದೆ. ಡೆಕಾತ್ಲಾನ್‌ನಲ್ಲಿ ಬಟ್ಟೆಗಳನ್ನು ಒಟ್ಟಿಗೆ ಡಬ್ಬಕ್ಕೆ ಹಾಕಿದರೆ ಬಿಲ್ ತಾನೇ ಬರುತ್ತದೆ, ಒಂದೊಂದರ ಲೇಬಲ್ಲಿನಲ್ಲೂ ಟ್ಯಾಗ್ ಇರುವುದರಿಂದ. ತಿರುಪತಿಗೆ ಕಾರಿನಲ್ಲಿ ಹೋಗುವವರು ಗಮನಿಸಿ: ಬೆಟ್ಟ ಹತ್ತುವ ಮೊದಲು ಸಿಗುವ ಅಲಿಪಿರಿಯ ತಪಾಸಣಾ ಕೇಂದ್ರದಲ್ಲಿ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ಕಡ್ಡಾಯ ಮಾಡಿದ್ದಾರೆ.

ನನಗೆ ಯೋಚನೆ ಹತ್ತಿಸುವುದು ದಾಖಲೆಯ ವಿಷಯ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಟೋಲ್ ದಾಟಿದಿರಿ ಎಂಬುದೆಲ್ಲ ಬ್ಯಾಂಕಿನಲ್ಲಿ ಉಳಿಯುತ್ತದೆ. ಅಪರಾಧ ತನಿಖೆಯಲ್ಲಿ ಪೊಲೀಸರು ಇದನ್ನು ಬಳಸುತ್ತಾರೆ, ಅದು ಒಳ್ಳೆಯದೇ. ಆದರೆ ಟ್ಯಾಗಿನ ಸ್ಟೇಟ್‌ಮೆಂಟನ್ನು ಕಂಡಕಂಡವರಿಗೆ ವಾಟ್ಸ್‌ಆ್ಯಪ್ ಮಾಡುವಾಗ ಒಮ್ಮೆ ಯೋಚಿಸಿ.

ಕಾರು ಮಾರುವವರು ಹಣ ಕೈಗೆ ಬಂದ ದಿನವೇ ಬ್ಯಾಂಕಿಗೆ ಹೇಳಿ ಟ್ಯಾಗ್ ಮುಚ್ಚಿಸಿ, ಡಿಪಾಸಿಟ್ ವಾಪಸ್ ಕೇಳಿ. ಗಾಜಿನ ಮೇಲಿನ ಸ್ಟಿಕ್ಕರನ್ನೂ ಕಿತ್ತು ಹರಿಯಿರಿ. ಇಲ್ಲದಿದ್ದರೆ ಕಾರು ಕೊಂಡವರು ಓಡಾಡಿದಷ್ಟೂ ದಿನ ಟೋಲ್ ಹೋಗುವುದು ನಿಮ್ಮ ಖಾತೆಯಿಂದಲೇ.